ಕಾರಿನ ಪಕ್ಕದ ಬಾಗಿಲಿಗೆ ಸ್ಪಿಂಡಲ್ ಡ್ರೈವ್: ಮೋಟಾರು ಎಲ್ಲಿ ಕೂರಬೇಕು, ಥ್ರೆಡ್ ಎಂಥದ್ದು, ಬ್ರೇಕ್ ಯಾವುದು

ಗುಂಡಿ ಒತ್ತಿದರೆ ಡಿಕ್ಕಿ ತಾನೇ ಏಳುವುದು ಈಗ ಮಧ್ಯಮ ಬೆಲೆಯ ಕಾರುಗಳಲ್ಲೂ ಕಾಣುವ ಸೌಲಭ್ಯ. ಪಕ್ಕದ ಬಾಗಿಲಿನ ಕಥೆ ಬೇರೆ. ರೋಲ್ಸ್ ರಾಯ್ಸ್ ಫ್ಯಾಂಟಮ್ 2003ರಲ್ಲೇ ಹಿಂಬಾಗಿಲನ್ನು ಗುಂಡಿಯಿಂದ ಮುಚ್ಚುವ ವ್ಯವಸ್ಥೆ ತಂದಿತು. 2015ರ ಟೆಸ್ಲಾ ಮಾಡೆಲ್ ಎಕ್ಸ್‌ನಲ್ಲಿ ಮುಂಬಾಗಿಲು ತಾನೇ ತೆರೆಯಿತು. 2022ರ ಬಿಎಂಡಬ್ಲ್ಯು 7 ಸರಣಿಯಲ್ಲಿ ಮೋಟಾರಿನಿಂದ ತೆರೆದು ಮುಚ್ಚುವ ಬಾಗಿಲುಗಳ ಆಯ್ಕೆ ಬಂತು. ಇಷ್ಟು ವರ್ಷವಾದರೂ ಇದು ಹೆಚ್ಚಾಗಿ ದುಬಾರಿ ಕಾರುಗಳಲ್ಲೇ ಉಳಿದಿದೆ. ಬೆಲೆ ಒಂದು ಕಾರಣ. ಅದಕ್ಕಿಂತ ಕಠಿಣವಾದ ಕಾರಣ ಜಾಗ.

ಡಿಕ್ಕಿಯ ಡ್ರೈವ್ ಒಂದು ಉದ್ದನೆಯ ಕೊಳವೆ. ಅದು ಡಿಕ್ಕಿಯ ಪಕ್ಕದ ಕಾಲುವೆಯಲ್ಲಿ ಒರಗಿ ಮಲಗುತ್ತದೆ, ಒಳಗಿನ ಸ್ಪ್ರಿಂಗು ಬಾಗಿಲಿನ ಭಾರ ಹೊರುತ್ತದೆ. ಪಕ್ಕದ ಬಾಗಿಲಲ್ಲಿ ಅಂಥ ಕಾಲುವೆ ಇಲ್ಲ. ಒಂದು ಕಡೆ ಇಳಿಯುವ ಗಾಜು, ಇನ್ನೊಂದು ಕಡೆ ಸ್ಪೀಕರ್, ಮುಂದೆ ವೈರಿನ ರಬ್ಬರ್ ಕೊಳವೆ. ನಡುವೆ ಎರಡು ಹಿಂಜ್‌ಗಳ ಮಧ್ಯೆ ಡೋರ್ ಚೆಕ್ (ಬಾಗಿಲು ಮಿತಿ ಮೀರಿ ತೆರೆಯದಂತೆ ತಡೆಯುವ ಪಟ್ಟಿ) ಕೂರುವಷ್ಟು ಜಾಗ ಮಾತ್ರ ಸಿಗುತ್ತದೆ. ಸ್ಪಿಂಡಲ್ ಡ್ರೈವ್, ಅಂದರೆ ಥ್ರೆಡ್ ಇರುವ ಸರಳು (ಸ್ಪಿಂಡಲ್) ಮತ್ತು ನಟ್ಟಿನ ಮೂಲಕ ಮೋಟಾರಿನ ಸುತ್ತನ್ನು ನೇರ ತಳ್ಳಾಟವಾಗಿ ಬದಲಿಸುವ ಸಾಧನ, ಬರುವುದು ಆ ಜಾಗಕ್ಕೇ. ಅದರ ಮೈ ಬಾಗಿಲೊಳಗೆ ನಿಂತ ಒಂದು ತಿರುಗಣಿಯ ಮೇಲೆ ಓಲಾಡುತ್ತದೆ, ಸ್ಪಿಂಡಲ್‌ನ ಮುಂದಿನ ತುದಿ ಎ-ಪಿಲ್ಲರ್‌ನ ಪಿನ್ನಿಗೆ ಸೇರುತ್ತದೆ; ಎ-ಪಿಲ್ಲರ್ ಎಂದರೆ ಮುಂಬಾಗಿಲಿನ ಹಿಂಜ್ ಕೂರುವ ಕಂಬ. ಬಾಗಿಲು ತೆರೆದಂತೆ ಎರಡು ಪಿನ್ನುಗಳ ನಡುವಿನ ದೂರ ಹೆಚ್ಚುತ್ತದೆ, ಸ್ಪಿಂಡಲ್ ಹೊರಬರುತ್ತದೆ.

ಮೋಟಾರನ್ನು ಹಿಂಜ್ ಅಕ್ಷದ ಮೇಲೇ ಕೂರಿಸಿ ಬಾಗಿಲನ್ನು ನೇರವಾಗಿ ತಿರುಗಿಸಬಹುದಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಸಾಧ್ಯ. ಆದರೆ 40 ನ್ಯೂಟನ್ ಮೀಟರಿನಷ್ಟು ಟಾರ್ಕ್ ಪೂರ್ತಿ ಒಂದು ಸಣ್ಣ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ, ಹಿಂಜ್ ಇರುವ ಸಂದು ಬೆರಳಗಲವೂ ಇರುವುದಿಲ್ಲ. ಸ್ಪಿಂಡಲ್ ಅದೇ ಕೆಲಸವನ್ನು 60 ಮಿ.ಮೀ. ಲಿವರ್ ತೋಳಿನ (ಹಿಂಜ್ ಅಕ್ಷದಿಂದ ಸ್ಪಿಂಡಲ್ ಗೆರೆಗೆ ಇರುವ ಲಂಬ ದೂರದ) ಮೂಲಕ ಮಾಡುತ್ತದೆ, ಅಲ್ಲಿ ಹಲ್ಲುಗಳ ಮೇಲೆ ಬೀಳುವ ಹೊರೆ ತೀರ ಕಡಿಮೆ. ಈ ಬರಹ ಸ್ಪಿಂಡಲ್ ಜಾತಿಯ ಡ್ರೈವ್‌ಗಳಿಗಷ್ಟೇ ಸೀಮಿತ.

ಮೊದಲು ಬಾಗಿಲಿನ ಲೆಕ್ಕ

ಹೋಲಿಸಲು ಒಂದು ಬಾಗಿಲು ಬೇಕು. ತೂಕ 30 ಕೆ.ಜಿ., ತೂಕದ ಕೇಂದ್ರ ಹಿಂಜ್‌ನಿಂದ 0.45 ಮೀಟರ್ ದೂರ, ಹಿಂಜ್ ಸುತ್ತಲಿನ ತಿರುಗು ಜಡತ್ವ 9 ಕೆ.ಜಿ. ಚದರ ಮೀಟರ್, ತೆರೆಯುವ ಕೋನ 65°, ತೆರೆಯಲು 3 ಸೆಕೆಂಡ್. ಮಧ್ಯಮ ಗಾತ್ರದ ಕಾರಿನ ಮುಂಬಾಗಿಲೊಂದಕ್ಕೆ ಇದು ಹೊಂದುವ ಅಳತೆ.

20% ಇಳಿಜಾರಿನಲ್ಲಿ ಗುರುತ್ವ ಬಾಗಿಲನ್ನು ಹೆಚ್ಚೆಂದರೆ 26 ನ್ಯೂಟನ್ ಮೀಟರಿನಿಂದ ಎಳೆಯುತ್ತದೆ. ಹಿಂಜ್ ಮತ್ತು ರಬ್ಬರ್ ಸೀಲಿನ ಘರ್ಷಣೆಗೆ 4 ಇಡಿ. ಮೊದಲ 0.6 ಸೆಕೆಂಡಿನಲ್ಲಿ ವೇಗ ಏರಿಸಿ ಕೊನೆಯ 0.6 ಸೆಕೆಂಡಿನಲ್ಲಿ ಇಳಿಸುವುದಾದರೆ ಗರಿಷ್ಠ ವೇಗ ಸೆಕೆಂಡಿಗೆ 0.47 ರೇಡಿಯನ್, ಆ ವೇಗ ಹತ್ತಿಸಲು 7 ನ್ಯೂಟನ್ ಮೀಟರ್. ಒಟ್ಟು 37. ಸ್ವಲ್ಪ ಮಿಗಿಸಿ 40 ಎಂದು ಹಿಡಿಯೋಣ.

40 ನ್ಯೂಟನ್ ಮೀಟರನ್ನು 0.47 ರೇಡಿಯನ್ ವೇಗದಲ್ಲಿ ಕೊಡಲು ಬಾಗಿಲಿನ ಬಳಿ ಬೇಕಾಗುವುದು 19 ವ್ಯಾಟ್ ಅಷ್ಟೇ. ಸ್ಪಿಂಡಲ್ ಡ್ರೈವ್ ವಿನ್ಯಾಸದಲ್ಲಿ ಶಕ್ತಿ ಎಂದೂ ಕಷ್ಟದ ಭಾಗವಲ್ಲ. ಮೋಟಾರಿನ ಕ್ಯಾಟಲಾಗಿನಿಂದ ಕೆಲಸ ಶುರು ಮಾಡುವವರು ಎಡವುವುದು ಇಲ್ಲೇ: ಮೋಟಾರು ಸಿಗುತ್ತದೆ, ಅದನ್ನು ಓಲಾಡಿಸಲು ಜಾಗ ಸಿಗುವುದಿಲ್ಲ.

ಎರಡು ಪಿನ್ನುಗಳ ಜಾಗ: ಎಲ್ಲಕ್ಕಿಂತ ದೊಡ್ಡ ತೀರ್ಮಾನ

ಹಿಂಜ್ ಅಕ್ಷದಿಂದ ಪಿಲ್ಲರಿನ ಪಿನ್ನು 65 ಮಿ.ಮೀ., ಬಾಗಿಲೊಳಗಿನ ತಿರುಗಣಿ 180 ಮಿ.ಮೀ. ದೂರದಲ್ಲಿವೆ ಎನ್ನೋಣ. ಈ ಎರಡು ದೂರಗಳನ್ನು ಬದಲಿಸದೆ, ಬಾಗಿಲು ಮುಚ್ಚಿದಾಗ ಹಿಂಜ್ ಅಕ್ಷದಿಂದ ನೋಡಿದರೆ ಎರಡು ಪಿನ್ನುಗಳ ನಡುವೆ ಎಷ್ಟು ಕೋನ ಇರಬೇಕು ಎಂಬುದನ್ನಷ್ಟೇ ಬದಲಿಸಿ ನೋಡಿ.

| ಮುಚ್ಚಿದಾಗ – ತೆರೆದಾಗ ಕೋನ | ಸ್ಪಿಂಡಲ್ ಓಟ | ಕನಿಷ್ಠ ಲಿವರ್ ತೋಳು | 40 ನ್ಯೂಟನ್ ಮೀಟರಿಗೆ ಬೇಕಾದ ಬಲ | ಡ್ರೈವ್ ಮೈಯ ಓಲಾಟ |
|---|---|---|---|---|
| 15° – 80° | 62 ಮಿ.ಮೀ. | 26 ಮಿ.ಮೀ. | 1560 ನ್ಯೂಟನ್ | 13° |
| 40° – 105° | 70 ಮಿ.ಮೀ. | 55 ಮಿ.ಮೀ. | 730 ನ್ಯೂಟನ್ | 3.4° |
| 70° – 135° | 61 ಮಿ.ಮೀ. | 36 ಮಿ.ಮೀ. | 1110 ನ್ಯೂಟನ್ | 9.7° |

ನಡುವಿನ ಸಾಲಿನಲ್ಲಿ ಲಿವರ್ ತೋಳು 55ರಿಂದ ಶುರುವಾಗಿ 65ಕ್ಕೆ ಏರಿ ಮತ್ತೆ 55ಕ್ಕೆ ಇಳಿಯುತ್ತದೆ. ಡ್ರೈವ್ 3.4° ಒಂದು ಕಡೆ ವಾಲಿ ಅದೇ ದಾರಿಯಲ್ಲಿ ಹಿಂತಿರುಗುತ್ತದೆ. ಸ್ಪಿಂಡಲ್ ಪಿಲ್ಲರ್‌ ತೋಳಿಗೆ (ಹಿಂಜ್ ಅಕ್ಷದಿಂದ ಪಿಲ್ಲರಿನ ಪಿನ್ನಿಗೆ ಎಳೆದ ಗೆರೆಗೆ) ಲಂಬವಾಗುವ ಗಳಿಗೆ ಬಾಗಿಲಿನ ಓಟದ ಸರಿಮಧ್ಯೆ ಬಂದರೆ ಹೀಗಾಗುತ್ತದೆ. ಈ ಲೆಕ್ಕದಲ್ಲಿ ಆ ಗಳಿಗೆ 69°ಗೆ ಬೀಳುತ್ತದೆ, 65 ಭಾಗಿಸು 180 ಎಂಬ ಕೊಸೈನ್‌ನ ಕೋನ ಅದು. ಮೊದಲ ಸಾಲಿನವರು 8 ಮಿ.ಮೀ. ಕಡಿಮೆ ಓಟಕ್ಕೆ ಆಸೆಪಟ್ಟು ಎರಡು ಪಟ್ಟು ಬಲವನ್ನೂ ನಾಲ್ಕು ಪಟ್ಟು ಓಲಾಟವನ್ನೂ ಕೊಂಡುಕೊಂಡಿದ್ದಾರೆ.

ಓಲಾಟ ಎಂದರೆ ಜಾಗ. ತಿರುಗಣಿಯ ಹಿಂದೆ 150 ಮಿ.ಮೀ. ಉದ್ದದ ಮೋಟಾರು ಇದ್ದರೆ 3.4° ಓಲಾಟದಲ್ಲಿ ಅದರ ಬಾಲ 9 ಮಿ.ಮೀ. ಸರಿಯುತ್ತದೆ, 13° ಓಲಾಟದಲ್ಲಿ 34 ಮಿ.ಮೀ. ಸರಿಯುತ್ತದೆ. ಇಳಿದ ಗಾಜಿಗೂ ಬಾಗಿಲಿನ ಒಳತಗಡಿಗೂ ನಡುವೆ 34 ಮಿ.ಮೀ. ಬಿಟ್ಟುಕೊಡುವ ಬಾಗಿಲು ಅಪರೂಪ. ಆದ್ದರಿಂದ ಡ್ರೈವ್ ಪುಟ್ಟದೋ ಅಲ್ಲವೋ ಎಂದು ಅಳೆಯಬೇಕಾದದ್ದು ಮೇಜಿನ ಮೇಲಲ್ಲ. 65° ಪೂರ್ತಿ ತೆರೆದು ಮುಚ್ಚುವಾಗ ಅದು ಬಳಸುವ ಒಟ್ಟು ಜಾಗವನ್ನೇ ಅಳೆಯಬೇಕು.

ಮೂರನೆಯ ಸಾಲು ಅನೇಕ ಕಾರುಗಳಲ್ಲಿ ಸುಲಭವಾಗಿ ಸಿಗುವಂಥದ್ದು, ಏಕೆಂದರೆ ಪಿಲ್ಲರ್ ತಗಡಿನಲ್ಲಿ ಪಿನ್ನನ್ನು ಹಿಂಜ್‌ನ ಒಳಬದಿಗೆ ನೇರವಾಗಿ ಬೋಲ್ಟ್ ಮಾಡಬಹುದು. ಆದರೆ ಅದರ ದೋಷ ಕೆಟ್ಟ ಜಾಗದಲ್ಲಿದೆ. ಕಾರು ಮೂತಿ ಮೇಲೆ ಮಾಡಿಯೋ ಕೆಳಗೆ ಮಾಡಿಯೋ ಇಳಿಜಾರಿನಲ್ಲಿ ನಿಂತಾಗ, ಮುಚ್ಚಿದ ಬಾಗಿಲಿನ ಮೇಲೆ ಗುರುತ್ವದ ಟಾರ್ಕ್ ಸೊನ್ನೆಯ ಹತ್ತಿರ ಇರುತ್ತದೆ, ತೆರೆದಷ್ಟೂ ಏರುತ್ತದೆ. 65°ಯಲ್ಲಿ ಅದು ಗರಿಷ್ಠದ 90% ಆಗಿರುತ್ತದೆ. ಅದೇ ಗಳಿಗೆಯಲ್ಲಿ ಈ ಜೋಡಣೆಯ ಲಿವರ್ ತೋಳು 36 ಮಿ.ಮೀ.ಗೆ ಕುಸಿದಿರುತ್ತದೆ. ಹೊರೆ ಏರುವ ಕಡೆ ತೋಳು ಇಳಿಯುವ ಜೋಡಣೆಯನ್ನು, ಬೇರೆ ದಾರಿ ಇರುವಾಗ, ಒಪ್ಪಬೇಡಿ. ಪಿಲ್ಲರಿನ ಬ್ರ್ಯಾಕೆಟ್ಟನ್ನು 20 ಮಿ.ಮೀ. ಹಿಂದಕ್ಕೆ ಚಾಚಿದರೂ ಸಾಕು, ಲೆಕ್ಕ ಬಹಳ ಸುಧಾರಿಸುತ್ತದೆ.

ಮೂರು ಮೈಕಟ್ಟುಗಳು

ನಡುವಿನ ಸಾಲನ್ನೇ ಹಿಡಿದು ಮುಂದುವರಿಯೋಣ. ಬಾಗಿಲು ಮುಚ್ಚಿದಾಗ ಎರಡು ಪಿನ್ನುಗಳ ನಡುವೆ 137 ಮಿ.ಮೀ., ತೆರೆದಾಗ 207 ಮಿ.ಮೀ. ಇರುತ್ತದೆ. ಡಿಕ್ಕಿಯ ಡ್ರೈವ್‌ನಂತೆ ಎರಡು ತುದಿಗಳಲ್ಲಿ ಪಿನ್ನಿರುವ ಕೊಳವೆ ಇಲ್ಲಿಗೆ ಬರುವುದೇ ಇಲ್ಲ: ಮೋಟಾರು, ಗೇರು, ಬ್ರೇಕು, ಬೇರಿಂಗು, ನಟ್ಟು ಎಲ್ಲ ಸಾಲಾಗಿ ನಿಂತರೆ ಮುಚ್ಚಿದ ಉದ್ದವೇ 250 ಮಿ.ಮೀ. ದಾಟುತ್ತದೆ. ತಿರುಗಣಿಯನ್ನು ಮೈಯ ನಡುವೆ ಕೂರಿಸುವುದು ಅದಕ್ಕೇ. ಮುಂದೆ ಸ್ಪಿಂಡಲ್, ಹಿಂದೆ ಮಿಕ್ಕದ್ದೆಲ್ಲ.

*ಸಾಲಿನ ಕಟ್ಟು.* ತಿರುಗಣಿಯ ಹಿಂದೆ ಪ್ಲಾನೆಟರಿ ಗೇರು (ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಚಕ್ರಗಳು ತಿರುಗುವ ಗೇರು), ಬ್ರೇಕು, ಮೋಟಾರು ಒಂದೇ ಅಕ್ಷದಲ್ಲಿ. ವ್ಯಾಸ 35ರಿಂದ 40 ಮಿ.ಮೀ., ಬಾಲ 150 ಮಿ.ಮೀ. ಸ್ಪಿಂಡಲ್ ತಿರುಗುತ್ತದೆ, ನಟ್ಟು ತನ್ನ ಕೊಳವೆಯೊಡನೆ ಸರಿಯುತ್ತದೆ; ಇಲ್ಲಿ ಪಿಲ್ಲರಿನ ಪಿನ್ನಿಗೆ ಸೇರುವುದು ಆ ಕೊಳವೆಯ ತುದಿ. ಎಲ್ಲ ಭಾಗವೂ ಡಿಕ್ಕಿ ಡ್ರೈವ್‌ಗಳಲ್ಲಿ ಪಳಗಿದವು, ದಕ್ಷತೆ ಚೆನ್ನಾಗಿದೆ: ಎರಡು ಹಂತದ ಪ್ಲಾನೆಟರಿ ಗೇರಿಗೆ 0.8. ತೊಂದರೆ ಬಾಲದ್ದು. ಗಾಜಿನ ರೈಲು ಹಿಂಜ್ ಕಡೆಗೆ ಹತ್ತಿರ ಇರುವ ಬಾಗಿಲಲ್ಲಿ ಬಾಲ ನೇರವಾಗಿ ರೈಲಿಗೆ ತಾಗುತ್ತದೆ.

*ಮಡಿಚಿದ ಕಟ್ಟು.* ಮೋಟಾರು ಸ್ಪಿಂಡಲ್‌ಗೆ ಸಮಾನಾಂತರ, ನಡುವೆ ಒಂದು ಹೆಲಿಕಲ್ ಗೇರು ಅಥವಾ ಹಲ್ಲಿನ ಬೆಲ್ಟು. ಇದನ್ನು ಆರಿಸುವವರು ನೆನಪಿಡಬೇಕಾದ ಒಂದು ವಿಷಯ ಉಂಟು: ಮೋಟಾರನ್ನು ಸ್ಪಿಂಡಲ್‌ನ ಪಕ್ಕಕ್ಕೆ ಮಡಿಚಬೇಡಿ, ಮೇಲಕ್ಕೋ ಕೆಳಕ್ಕೋ ಮಡಿಚಿ. ಬಾಗಿಲಲ್ಲಿ ದಪ್ಪಕ್ಕೆ ಬರ, ಎತ್ತರಕ್ಕೆ ಬರವಿಲ್ಲ. ಹಾಗೆ ಮಡಿಚಿದರೆ ದಪ್ಪ 40 ಮಿ.ಮೀ. ಆಗಿಯೇ ಉಳಿದು ಎತ್ತರ 80 ಆಗುತ್ತದೆ, ಬಾಲ 90ಕ್ಕೆ ಇಳಿಯುತ್ತದೆ. ಇದಕ್ಕೆ ತೆರುವ ಬೆಲೆ ಎರಡು. ಮೊದಲನೆಯದು, ಮೋಟಾರಿನ ತೂಕ ಸ್ಪಿಂಡಲ್ ಅಕ್ಷದಿಂದ ಹೊರಗೆ ಇರುವುದರಿಂದ ಗುಂಡಿಯಲ್ಲಿ ಚಕ್ರ ಇಳಿದಾಗ ಡ್ರೈವ್ ತನ್ನ ಅಕ್ಷದ ಸುತ್ತ ಹೊರಳಲು ನೋಡುತ್ತದೆ. ತಿರುಗಣಿಯ ಎರಡು ಬುಶ್‌ಗಳನ್ನು ಮೇಲೆ ಕೆಳಗೆ ದೂರ ಇಡದಿದ್ದರೆ ಒಂದೆರಡು ವರ್ಷಗಳಲ್ಲಿ ಅವು ಸವೆದು ಕಟಕಟ ಎನ್ನುತ್ತವೆ. ಎರಡನೆಯದು, ಹೆಚ್ಚುವರಿ ಗೇರಿನ ಸದ್ದು.

*ಅಡ್ಡ ಮೋಟಾರಿನ ಕಟ್ಟು.* ಮೋಟಾರು ನೆಟ್ಟಗೆ ನಿಲ್ಲುತ್ತದೆ, ಅದರ ಅಕ್ಷ ತಿರುಗಣಿಯ ಅಕ್ಷಕ್ಕೆ ಸಮಾನಾಂತರ, ಆದಷ್ಟು ಹತ್ತಿರ. ಮೋಟಾರಿನ ತುದಿಯ ವರ್ಮ್ (ಸ್ಕ್ರೂ ಆಕಾರದ ಗೇರು) ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರದ ಹೊಟ್ಟೆಯೇ ನಟ್ಟು. ಸ್ಪಿಂಡಲ್ ತಿರುಗುವುದಿಲ್ಲ, ಚಕ್ರದ ಮೂಲಕ ಹಾದು ಮುಂದೆ ಹಿಂದೆ ಸರಿಯುತ್ತದೆ. ಇದರ ಸೊಗಸು ಓಲಾಟದ ಲೆಕ್ಕದಲ್ಲಿದೆ. ತಿರುಗಣಿಯ ಪಕ್ಕದಲ್ಲೇ ನಿಂತ ಮೋಟಾರು ಡ್ರೈವ್ ಓಲಾಡಿದಾಗ ಹೆಚ್ಚುಕಮ್ಮಿ ನಿಂತಲ್ಲೇ ತಿರುಗುತ್ತದೆ, ಹೊಸ ಜಾಗ ಕೇಳುವುದಿಲ್ಲ. ಹಿಂದೆ ಸರಿಯುವುದು ಸ್ಪಿಂಡಲ್ ಬಾಲ ಮಾತ್ರ. 90 ಮಿ.ಮೀ. ಉದ್ದ, ತೆಳ್ಳನೆಯ ಕೊಳವೆಯೊಳಗೆ, 3.4° ಓಲಾಟದಲ್ಲಿ 5 ಮಿ.ಮೀ. ಸರಿಯುತ್ತದೆ. ಓಲಾಟ 13° ಇರುವ ಕೆಟ್ಟ ಜೋಡಣೆಯಲ್ಲೂ 20 ಮಿ.ಮೀ. ಮೀರುವುದಿಲ್ಲ. ಪಿನ್ನುಗಳನ್ನು ಬೇಕಾದಲ್ಲಿ ಇಡಲು ಕಾರಿನ ಮೈ ಬಿಡದಿದ್ದಾಗ ಉಳಿಯುವ ದಾರಿ ಬಹುಮಟ್ಟಿಗೆ ಇದೊಂದೇ.

ವರ್ಮ್‌ನ ತೊಡಕು ದಕ್ಷತೆ. ಒಂದು ಸ್ಟಾರ್ಟಿನ (ಒಂದೇ ಎಳೆಯ ಥ್ರೆಡ್ಡಿನ) ವರ್ಮ್ ಬಾಗಿಲನ್ನು ಕೈಯಿಂದ ತಳ್ಳಿದರೆ ತಿರುಗುವುದೇ ಇಲ್ಲ, ಹಾಗಾಗಿ ಪಕ್ಕದ ಬಾಗಿಲಿಗೆ ಅದು ಕೂಡದು. 3 ಸ್ಟಾರ್ಟಿನ ವರ್ಮ್, 39 ಹಲ್ಲಿನ ಚಕ್ರ ತೆಗೆದುಕೊಂಡರೆ ಅನುಪಾತ 13 ಬರುತ್ತದೆ, ಮುಂದಕ್ಕೆ ದಕ್ಷತೆ ಸುಮಾರು 0.65, ಹಿಮ್ಮುಖಕ್ಕೆ, ಅಂದರೆ ಬಾಗಿಲು ಮೋಟಾರನ್ನು ತಿರುಗಿಸುವಾಗ, 0.45. ಬಾಗಿಲಿಗೆ ಬೇಕಾದ 19 ವ್ಯಾಟಿಗೆ 12 ವೋಲ್ಟಿನಲ್ಲಿ ಪ್ಲಾನೆಟರಿ ಕಟ್ಟು ಸುಮಾರು 5 ಆಂಪಿಯರ್ ಎಳೆದರೆ ಇದು 6 ಎಳೆಯುತ್ತದೆ. ಈ ವ್ಯತ್ಯಾಸಕ್ಕೆ ಹೆದರುವ ಕಾರಣವಿಲ್ಲ.

ಥ್ರೆಡ್: ಸ್ವಯಂ ಲಾಕ್ ಆಗುವುದು ಗುಣವಲ್ಲ

ಸ್ಪಿಂಡಲ್ ವ್ಯಾಸ 10 ಮಿ.ಮೀ., ಸರಾಸರಿ ವ್ಯಾಸ 9. ಒಂದು ಸುತ್ತಿಗೆ 2 ಮಿ.ಮೀ. ಸರಿಯುವ ಥ್ರೆಡ್ ಮತ್ತು 8 ಮಿ.ಮೀ. ಸರಿಯುವ ನಾಲ್ಕು ಸ್ಟಾರ್ಟಿನ ಥ್ರೆಡ್, ಎರಡನ್ನೂ ಇಟ್ಟು ನೋಡಿ. ಗ್ರೀಸ್ ಹಚ್ಚಿದ ಉಕ್ಕು ಮತ್ತು ಪಾಲಿಅಸಿಟಾಲ್ ನಟ್ಟಿನ ನಡುವೆ ಘರ್ಷಣೆಯ ಗುಣಾಂಕ 0.12 ಎಂದರೆ ಘರ್ಷಣೆಯ ಕೋನ 7°.

2 ಮಿ.ಮೀ. ಥ್ರೆಡ್ಡಿನ ಏರುಕೋನ 4°. ಘರ್ಷಣೆಯ ಕೋನಕ್ಕಿಂತ ಕಡಿಮೆ, ಆದ್ದರಿಂದ ತಾನಾಗಿ ಲಾಕ್ ಆಗುತ್ತದೆ. ದಕ್ಷತೆ 0.36. ಬಾಗಿಲು ನಿಲ್ಲಿಸಿದಲ್ಲಿ ಕಲ್ಲಿನಂತೆ ನಿಲ್ಲುತ್ತದೆ, ಬ್ರೇಕಿನ ಖರ್ಚು ಉಳಿಯುತ್ತದೆ. ಇದನ್ನು ಕಂಡು ಮನಸೋಲುವವರಿದ್ದಾರೆ. ಆದರೆ ಅಪಘಾತವಾಗಿ ಬ್ಯಾಟರಿ ತಂತಿ ಕಡಿದುಹೋದಾಗ ಒಳಗಿದ್ದವರು ಬಾಗಿಲು ತಳ್ಳಿದರೆ ಅದು ಅಲುಗದು, ಹೊರಗಿನವರು ಎಳೆದರೂ ಅಲುಗದು. ಪಕ್ಕದ ಬಾಗಿಲು ಜನ ಹೊರಬರುವ ದಾರಿ, ಡಿಕ್ಕಿಯಲ್ಲ. ಕರೆಂಟಿಲ್ಲದಾಗ ಬಿಟ್ಟುಕೊಡುವ ಕ್ಲಚ್ ಇಲ್ಲದೆ ಸ್ವಯಂ ಲಾಕ್ ಆಗುವ ಡ್ರೈವನ್ನು ಪಕ್ಕದ ಬಾಗಿಲಿಗೆ ಹಾಕುವುದು ತಪ್ಪು. ಬೆಲೆಯ ಒತ್ತಡ ಎಷ್ಟೇ ಇರಲಿ, ಈ ವಿಷಯದಲ್ಲಿ ರಾಜಿ ಬೇಡ.

8 ಮಿ.ಮೀ. ಥ್ರೆಡ್ಡಿನ ಏರುಕೋನ 15.8°. ಮುಂದಕ್ಕೆ ದಕ್ಷತೆ 0.67, ಹಿಮ್ಮುಖಕ್ಕೆ 0.54. 730 ನ್ಯೂಟನ್ ಬಲಕ್ಕೆ ಸ್ಪಿಂಡಲ್‌ನಲ್ಲಿ 1.4 ನ್ಯೂಟನ್ ಮೀಟರ್ ಬೇಕು. ಗರಿಷ್ಠ ವೇಗ ಸೆಕೆಂಡಿಗೆ 31 ಮಿ.ಮೀ., ಅಂದರೆ ನಿಮಿಷಕ್ಕೆ 230 ಸುತ್ತು. 3000 ಸುತ್ತಿನ ಮೋಟಾರಿಗೆ ಅನುಪಾತ 13. ಬಾಲ್ ಸ್ಕ್ರೂ ಹಾಕಿದರೆ ದಕ್ಷತೆ 0.9 ಮುಟ್ಟುತ್ತದೆ, ಆದರೆ ಗೋಲಿಗಳ ಸದ್ದು, ಬೆಲೆ, ಇನ್ನಷ್ಟು ದೊಡ್ಡ ಬ್ರೇಕು ಜೊತೆಗೆ ಬರುತ್ತವೆ. 19 ವ್ಯಾಟಿನ ಕೆಲಸಕ್ಕೆ ಅದು ಬೇಕಿಲ್ಲ.

ನಟ್ಟಿನ ಬಗ್ಗೆ ಎರಡು ಮಾತು. ಬಾಗಿಲನ್ನು 50,000 ಸಲ ತೆರೆದು ಮುಚ್ಚಿದರೆ ಥ್ರೆಡ್ಡಿನ ಮೈ ಮೇಲೆ ನಟ್ಟು ಸುಮಾರು 26 ಕಿ.ಮೀ. ಉಜ್ಜುತ್ತದೆ. 20 ಮಿ.ಮೀ. ಉದ್ದದ ನಟ್ಟಿನ ಮೇಲೆ 730 ನ್ಯೂಟನ್ ಬಿದ್ದರೆ ಒತ್ತಡ 2.6 ಮೆಗಾಪಾಸ್ಕಲ್, ಇದನ್ನು ಪ್ಲಾಸ್ಟಿಕ್ ತಡೆಯುತ್ತದೆ. ತಡೆಯದೇ ಇರುವುದು ಬಿಸಿಲಿನಲ್ಲಿ ನಿಂತ ಕಾರಿನ 80° ಸೆಲ್ಸಿಯಸ್ ಬಾಗಿಲಿಗೆ ಜೋರಾಗಿ ಹೊಡೆತ ಬಿದ್ದಾಗ. ಬಿಸಿಯಲ್ಲಿ ಪಾಲಿಅಸಿಟಾಲ್‌ನ ಬಲ ಬಹಳ ಕುಗ್ಗಿರುತ್ತದೆ. ಪ್ಲಾಸ್ಟಿಕ್ ನಟ್ಟಿನ ಹಿಂದೆ, ಸಾಮಾನ್ಯವಾಗಿ ಥ್ರೆಡ್ಡಿಗೆ ತಾಗದ, ಪ್ಲಾಸ್ಟಿಕ್ ಸೋತಾಗ ಮಾತ್ರ ಹಿಡಿಯುವ ಉಕ್ಕಿನ ಬಳೆಯೊಂದನ್ನು ಇಡಿ.

ಬ್ರೇಕ್: ಹಿಡಿದಿಡುವ ಬಲವೇ ಕೈಗೆ ಬರುವ ಭಾರ

20% ಇಳಿಜಾರಿನ 26 ನ್ಯೂಟನ್ ಮೀಟರನ್ನು ಮೋಟಾರು ಆಫ್ ಆದಾಗ ತಡೆಯಬೇಕು. ಲಿವರ್ ತೋಳು 55 ಮಿ.ಮೀ., ಅಂದರೆ ಸ್ಪಿಂಡಲ್ ಮೇಲೆ 473 ನ್ಯೂಟನ್. ಪ್ಲಾನೆಟರಿ ಕಟ್ಟಿನಲ್ಲಿ ಅದು ಮೋಟಾರಿನ ಅಕ್ಷಕ್ಕೆ ತಲುಪುವಾಗ 20 ಮಿಲಿನ್ಯೂಟನ್ ಮೀಟರ್ ಆಗಿರುತ್ತದೆ. ಬೆರಳ ತುದಿಯಲ್ಲಿ ಹಿಡಿಯುವಷ್ಟು. ಬ್ರೇಕನ್ನು ಮೋಟಾರಿನ ಅಕ್ಷದ ಮೇಲೆ ಕೂರಿಸಬೇಕು, ಸ್ಪಿಂಡಲ್ ಮೇಲಲ್ಲ ಎನ್ನುವುದು ಇದಕ್ಕೇ. ಈ 20ರಲ್ಲಿ ಮೋಟಾರಿನ ಕಾಂತಗಳೇ, ಕರೆಂಟಿಲ್ಲದಾಗಲೂ, ಸುಮಾರು ಅರ್ಧವನ್ನು ಹೊರಬಲ್ಲವು.

ಈಗ ಅದೇ ಬಾಗಿಲನ್ನು ಸಮತಟ್ಟಿನಲ್ಲಿ ಒಬ್ಬರು ಕೈಯಿಂದ ತಳ್ಳುತ್ತಾರೆ. ಇಳಿಜಾರಿನಲ್ಲಿ ಗುರುತ್ವಕ್ಕೆ ಒಡ್ಡಿದ ತಡೆಯನ್ನೇ ಡ್ರೈವ್ ಆ ಕೈಗೂ ಒಡ್ಡುತ್ತದೆ: 26 ನ್ಯೂಟನ್ ಮೀಟರ್, ಜೊತೆಗೆ ಹಿಂಜ್ ಘರ್ಷಣೆಯ 4. ಹಿಡಿಕೆ 1 ಮೀಟರ್ ದೂರದಲ್ಲಿದ್ದರೆ 30 ನ್ಯೂಟನ್, ಅಂದರೆ 3 ಕೆ.ಜಿ. ಎತ್ತುವಷ್ಟು. ದೊಡ್ಡವರಿಗೆ ಸಹ್ಯ. ಬ್ರೇಕನ್ನು 30% ಇಳಿಜಾರಿಗೆ ಬಿಗಿ ಮಾಡಿದರೆ 38 ಮತ್ತು 4 ಸೇರಿ 42 ನ್ಯೂಟನ್ ಆಗುತ್ತದೆ, ಏರು ದಿಕ್ಕಿನಲ್ಲಿ ತಳ್ಳುವಾಗ ಗುರುತ್ವವೂ ಸೇರಿ 80 ಆಗುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ಇದು ಆಗದ ಕೆಲಸ. ಬ್ರೇಕಿನ ಅಳತೆ ಕೇಳುವವರು ಎಷ್ಟು ಇಳಿಜಾರು ಎಂದು ಕೇಳುತ್ತಾರೆ. ತಳ್ಳುವ ಕೈ ಯಾರದ್ದು ಎಂದೂ ಅದೇ ಉಸಿರಿನಲ್ಲಿ ಕೇಳಬೇಕು.

ಆಯ್ಕೆಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಸ್ಪ್ರಿಂಗಿನಿಂದ ಸದಾ ಒತ್ತಿರುವ ಘರ್ಷಣೆಯ ಬಿಲ್ಲೆ. ಅದರ ಕೆಟ್ಟ ಗುಣವೆಂದರೆ ಹೊರಡುವಾಗಿನ ತಡೆ ಓಡುವಾಗಿನ ತಡೆಗಿಂತ ಹೆಚ್ಚು. ಕೈಯಿಂದ ತಳ್ಳಿದರೆ ಬಾಗಿಲು ಮೊದಲು ಅಂಟಿಕೊಂಡು ಆಮೇಲೆ ಧಡಕ್ಕನೆ ಬಿಡುತ್ತದೆ. ಮೋಟಾರು ಓಡುವಾಗಲೂ ಅದು ಉಜ್ಜುತ್ತಲೇ ಇರುವುದರಿಂದ ಶಕ್ತಿ ಪೋಲು. ಹಿಸ್ಟರೆಸಿಸ್ ಬ್ರೇಕ್ ಕಾಂತದ ಗುಣದಿಂದ ತಡೆ ಒಡ್ಡುತ್ತದೆ, ಭಾಗಗಳು ಒಂದಕ್ಕೊಂದು ತಾಗುವುದಿಲ್ಲ, ಸವೆಯುವುದಿಲ್ಲ, ನಿಂತಾಗಲೂ ಓಡುವಾಗಲೂ ಒಂದೇ ತಡೆ. ಬಾಗಿಲು ಕೈಗೆ ಮೃದುವಾಗಿ ಬರುತ್ತದೆ. ಬೆಲೆ, ಉದ್ದ ಎರಡೂ ಹೆಚ್ಚು, ಮೋಟಾರಿನ ಕೆಲಸದಲ್ಲಿ ಪಾಲು ಕೇಳುವುದು ಇದೂ ಬಿಡುವುದಿಲ್ಲ. ವಿದ್ಯುತ್ಕಾಂತದ ಬ್ರೇಕ್ ಬೇಕೆಂದಾಗ ಬಿಡುತ್ತದೆ. ಕೈ ತಳ್ಳಿದ್ದು ಹಾಲ್ ಸೆನ್ಸರಿಗೆ (ಮೋಟಾರು ತಿರುಗಿದ್ದನ್ನು ಕಾಂತದ ಮೂಲಕ ಅರಿಯುವ ಸೆನ್ಸರಿಗೆ) ತಿಳಿದ ಕೂಡಲೆ ಬ್ರೇಕ್ ಬಿಟ್ಟು ಮೋಟಾರು ಕೈಜೋಡಿಸಬಹುದು, 30 ನ್ಯೂಟನ್ ಭಾರ 10ಕ್ಕೆ ಇಳಿಯಬಹುದು. ಕರೆಂಟಿಲ್ಲದಾಗ ಅದು ಹಿಡಿದುಕೊಳ್ಳುವುದಾದರೆ ಮೀರಿದ ಬಲಕ್ಕೆ ಜಾರುವಂತಿರಬೇಕು, ಹಲ್ಲಿನ ಲಾಕ್ ಆಗಿರಕೂಡದು. ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ಎಲ್ಲೆಂದರಲ್ಲಿ ನಿಲ್ಲುವ ಬಾಗಿಲು ಬೇಕು, ಕೈಗೂ ಹಗುರವಿರಬೇಕು ಎನ್ನುವ ಕಾರಿಗೆ ಇದೇ ಸರಿ. ಬೆಲೆ ಮುಖ್ಯವಾದ ಕಡೆ ಹಿಸ್ಟರೆಸಿಸ್. ಘರ್ಷಣೆಯ ಬಿಲ್ಲೆಯನ್ನು ಡಿಕ್ಕಿಗೆ ಬಿಡಿ.

ಮೋಟಾರಿನ ಎರಡು ತಂತಿಗಳನ್ನು ಶಾರ್ಟ್ ಮಾಡಿದರೂ ಬ್ರೇಕ್ ಆಗುತ್ತದಲ್ಲ ಎನ್ನುತ್ತಾರೆ. ಅದು ವೇಗಕ್ಕೆ ತಡೆ, ನಿಂತಿದ್ದಕ್ಕೆ ಅಲ್ಲ. ಇಳಿಜಾರಿನಲ್ಲಿ ಬಾಗಿಲು ನಿಧಾನಕ್ಕೆ ಜಾರಿಯೇ ಜಾರುತ್ತದೆ. ಗಾಳಿ ಎಳೆದಾಗ ವೇಗ ಮಿತಿ ಮೀರದಂತೆ ಮಾಡಲು ಮಾತ್ರ ಅದು ಉಪಯೋಗ, ಖರ್ಚಿಲ್ಲದ್ದಾದ್ದರಿಂದ ಮಾಡಲೇಬೇಕು.

ವರ್ಮ್ ಕಟ್ಟಿನಲ್ಲಿ ಹಿಮ್ಮುಖ ದಕ್ಷತೆ ಕಡಿಮೆ ಇರುವುದರಿಂದ ಅದೇ ಇಳಿಜಾರಿಗೆ 11 ಮಿಲಿನ್ಯೂಟನ್ ಮೀಟರ್ ಸಾಕು, ಮೋಟಾರಿನ ಕಾಂತಗಳೇ ಬಹುಪಾಲು ಸಾಕು. ಬ್ರೇಕೇ ಬೇಡ ಎನ್ನುವ ಆಸೆ ಇಲ್ಲಿ ಹುಟ್ಟುತ್ತದೆ. ಘರ್ಷಣೆಯನ್ನು ನಂಬಿ ಹಿಡಿದಿಟ್ಟ ಬಾಗಿಲು ಗ್ರೀಸ್ ಬಿಸಿಯಾದಾಗ, ಪಕ್ಕದಲ್ಲಿ ಲಾರಿ ಹೋಗಿ ಕಾರು ಅದುರಿದಾಗ ಜಾರುತ್ತದೆ. ಚಳಿಯಲ್ಲಿ ಗ್ರೀಸ್ ಗಟ್ಟಿಯಾದಾಗ ಇದೇ ಘರ್ಷಣೆ ಕೈಗೆ ವಿಪರೀತ ಭಾರವಾಗುತ್ತದೆ. ಸಣ್ಣದೊಂದು ಹಿಸ್ಟರೆಸಿಸ್ ಬ್ರೇಕ್ ಇಟ್ಟು, ವರ್ಮ್‌ನ ಏರುಕೋನ ಹೆಚ್ಚಿಸಿ ಹಿಮ್ಮುಖ ದಕ್ಷತೆ ಸುಧಾರಿಸುವುದೇ ಸರಿಯಾದ ದಾರಿ.

ಕೊನೆಯ ತಡೆ, ಬುಶ್, ಪಿನ್

ಡೋರ್ ಚೆಕ್ ತೆಗೆದು ಡ್ರೈವ್ ಹಾಕಿದರೆ ಬಾಗಿಲಿನ ಕೊನೆಯ ತಡೆಯೂ ಹೋಯಿತು ಎಂಬುದು ಮರೆತುಹೋಗುವ ವಿಷಯ. ಗಾಳಿ ಹೊಡೆದು ಬಾಗಿಲು ಸೆಕೆಂಡಿಗೆ 2 ರೇಡಿಯನ್ ವೇಗದಲ್ಲಿ ಕೊನೆ ಮುಟ್ಟಿದರೆ ಅದರಲ್ಲಿ 18 ಜೂಲ್ ಇರುತ್ತದೆ. ಸ್ಪಿಂಡಲ್ ತುದಿಯ 5 ಮಿ.ಮೀ. ಪಾಲಿಯುರಿಥೇನ್ ಬಂಪರ್ ಅದನ್ನು ನುಂಗಬೇಕಾದರೆ ಸರಾಸರಿ ಬಲ 3600 ನ್ಯೂಟನ್, ಗರಿಷ್ಠ 7000 ಮೀರಬಹುದು. ದಿನನಿತ್ಯದ ಬಲದ ಹತ್ತು ಪಟ್ಟು. ಪಿನ್ನು, ಬ್ರ್ಯಾಕೆಟ್ಟು, ತಿರುಗಣಿಯ ಕಿವಿಗಳನ್ನು ಅಳೆಯಬೇಕಾದದ್ದು ಈ ಸಂಖ್ಯೆಗೆ. ಬಾಗಿಲಿನ ಒಳತಗಡು 1 ಮಿ.ಮೀ.ಗಿಂತ ತೆಳು, ಹಿಂದೆ ಬಲಪಡಿಸುವ ತಗಡು ಬೆಸೆಯದಿದ್ದರೆ ಬೋಲ್ಟಿನ ಸುತ್ತ ಬಿರುಕು ಬಿಡುತ್ತದೆ. ಮೋಟಾರಿನ ಪುಟ್ಟ ರೋಟರನ್ನೂ ಮರೆಯಬೇಡಿ: ಮೋಟಾರಿನಿಂದ ಬಾಗಿಲಿಗೆ ಒಟ್ಟು ಅನುಪಾತ 613, ಅದರ ವರ್ಗ 3.7 ಲಕ್ಷ ಮೀರುತ್ತದೆ. 50 ಗ್ರಾಂ ಚದರ ಸೆಂ.ಮೀ. ಜಡತ್ವದ ರೋಟರು ಬಾಗಿಲಿನ ಬಳಿ 1.9 ಕೆ.ಜಿ. ಚದರ ಮೀಟರ್ ಆಗಿ ಕಾಣುತ್ತದೆ, ಬಾಗಿಲಿನದ್ದರ ಐದನೇ ಒಂದು ಭಾಗ. ಬಾಗಿಲು ಥಟ್ಟನೆ ನಿಂತಾಗ ಈ ಪಾಲು ಗೇರಿನ ಹಲ್ಲುಗಳ ಮೇಲೇ ಬೀಳುತ್ತದೆ.

ಎರಡು ಪಿನ್ನುಗಳ ಕೆಲಸ ಸಮವಲ್ಲ. ನಮ್ಮ ಜೋಡಣೆಯಲ್ಲಿ ಬಾಗಿಲೊಳಗಿನ ತಿರುಗಣಿ 3.4° ಓಲಾಡಿದರೆ ಪಿಲ್ಲರಿನ ಪಿನ್ನು 65° ಪೂರ್ತಿ ತಿರುಗುತ್ತದೆ, ಅದೂ ಮಳೆ ಧೂಳು ಬೀಳುವ ಬಾಗಿಲಿನ ಸಂದಿನಲ್ಲಿ. ಒಳ್ಳೆಯ ಬುಶ್, ಸೀಲ್, ತುಕ್ಕು ಹಿಡಿಯದ ಪಿನ್ನು ಅಲ್ಲಿಗೆ ಬೇಕು. ತಿರುಗಣಿಗೆ ಬೇಕಾದದ್ದು ಸಡಿಲವಿಲ್ಲದ ಹಿಡಿತ. ಸದ್ದು ತಗ್ಗಿಸಲು ಅಲ್ಲಿ ರಬ್ಬರ್ ಹಾಕುವ ಪದ್ಧತಿ ಇದೆ, ಏಕೆಂದರೆ ಬಾಗಿಲಿನ ತಗಡು ಮೋಟಾರಿನ ಸದ್ದನ್ನು ಡೋಲಿನಂತೆ ಹಿಗ್ಗಿಸುತ್ತದೆ. ರಬ್ಬರ್ 500 ನ್ಯೂಟನಿಗೆ 0.3 ಮಿ.ಮೀ. ಕುಗ್ಗಿದರೆ ಬಾಗಿಲಿನ ಅಂಚು 5 ಮಿ.ಮೀ. ಅಲುಗುತ್ತದೆ. ಅದು ನಿಲ್ಲಿಸಿದ ಬಾಗಿಲು ಸಡಿಲವಾಗಿದೆ ಎಂಬ ಭಾವನೆ ಕೊಡಲು ಸಾಕು. ಗಟ್ಟಿ ರಬ್ಬರನ್ನು ತೆಳ್ಳಗೆ ಹಾಕಿ, ಸದ್ದನ್ನು ಮೊದಲು ಗೇರಿನಲ್ಲಿ ತಗ್ಗಿಸಿ.

ಅಡ್ಡ ಮೋಟಾರಿನ ಕಟ್ಟಿನಲ್ಲಿ ಇನ್ನೊಂದು ಹಳ್ಳವಿದೆ. ಹಿಂಜ್ ಅಕ್ಷ ಸಾಮಾನ್ಯವಾಗಿ ಒಂದೆರಡು ಡಿಗ್ರಿ ವಾಲಿರುತ್ತದೆ, ಕಾರು ಹಳೆಯದಾದಂತೆ ಬಾಗಿಲೂ ಸ್ವಲ್ಪ ಜೋತುಬೀಳುತ್ತದೆ. ಸ್ಪಿಂಡಲ್ ಬಾಗದಿರಲೆಂದು ಪಿಲ್ಲರ್ ತುದಿಗೆ ಬಾಲ್ ಜಾಯಿಂಟ್ ಹಾಕುವ ಮನಸ್ಸಾಗುತ್ತದೆ. ಆದರೆ ಇಲ್ಲಿ ಸ್ಪಿಂಡಲ್ ತಿರುಗಬಾರದು, ನಟ್ಟು ಅದನ್ನು 1.4 ನ್ಯೂಟನ್ ಮೀಟರಿನಿಂದ ತಿರುಗಿಸಲು ನೋಡುತ್ತಲೇ ಇರುತ್ತದೆ. ಬಾಲ್ ಜಾಯಿಂಟ್ ಆ ಟಾರ್ಕನ್ನು ತಡೆಯುವುದಿಲ್ಲ: ಮೋಟಾರು ಓಡುತ್ತದೆ, ಸ್ಪಿಂಡಲ್ ಅದರ ಜೊತೆಗೇ ತಿರುಗುತ್ತದೆ, ಬಾಗಿಲು ಅಲ್ಲೇ ನಿಂತಿರುತ್ತದೆ. ಪಿನ್ನೇ ಇರಲಿ, ಅದರ ಬುಶ್‌ನ ಒಳಮೈಯನ್ನು ಮಧ್ಯದಲ್ಲಿ ಉಬ್ಬಿಸಿ ±3° ವಾಲಲು ಬಿಡಿ. ಸಾಲಿನ ಕಟ್ಟಿನಲ್ಲಿ ನಟ್ಟಿನ ಕೊಳವೆಗೂ ಇದೇ ಮಾತು.

ಲಾಚ್ ಜೊತೆ ಹೊಂದಾಣಿಕೆ

ಸೀಲನ್ನು ಒತ್ತಿ ಮುಚ್ಚುವ ಕೊನೆಯ ಕೆಲವು ಮಿ.ಮೀ. ಕೆಲಸ ಲಾಚ್‌ನೊಳಗಿನ ಎಳೆಯುವ ಮೋಟಾರಿನದು. ಡ್ರೈವ್ ಬಾಗಿಲನ್ನು ಲಾಚ್‌ನ ಮೊದಲ ಹಲ್ಲಿಗೆ ತಲುಪಿಸಿ ಬಿಟ್ಟುಕೊಡಬೇಕು. ಬಿಟ್ಟುಕೊಡದೆ ಬ್ರೇಕ್ ಹಿಡಿದೇ ಇದ್ದರೆ ಎರಡು ಮೋಟಾರುಗಳು ಒಂದಕ್ಕೊಂದು ಎದುರಾಗಿ ಎಳೆಯುತ್ತವೆ. ಲಾಚ್ ಅರ್ಧದಲ್ಲಿ ನಿಲ್ಲುತ್ತದೆ, ದೋಷ ಲಾಚ್‌ನದೆಂದು ಅದನ್ನು ಬದಲಿಸುತ್ತಾರೆ, ತೊಂದರೆ ಹಾಗೇ ಉಳಿಯುತ್ತದೆ. ಎಳೆಯುವ ಮೋಟಾರು ಶುರುವಾಗುವ ಸಂಕೇತ ಬಂದೊಡನೆ ಡ್ರೈವ್‌ನ ಬ್ರೇಕ್ ಬಿಡಬೇಕು, ಬಿಡಲಾಗದ ಬ್ರೇಕ್ ಇದ್ದರೆ ಮೋಟಾರು ಅದೇ ದಿಕ್ಕಿಗೆ ಸ್ವಲ್ಪ ಓಡುತ್ತಿರಬೇಕು.

ಅಡಚಣೆ ಗುರುತಿಸುವುದನ್ನು ಮೋಟಾರಿನ ಕರೆಂಟಿಗೆ ಮಾತ್ರ ಒಪ್ಪಿಸಬೇಡಿ. ಪವರ್ ಕಿಟಕಿಗೆ ವಿಶ್ವಸಂಸ್ಥೆಯ 21ನೇ ನಿಯಮದಲ್ಲಿ 100 ನ್ಯೂಟನ್ ಮಿತಿ ಇದೆ, ಬಾಗಿಲಿನ ಅಂಚಿಗೂ ಅದಕ್ಕಿಂತ ಕಡಿಮೆಯನ್ನೇ ಗುರಿ ಮಾಡುವುದು ಒಳ್ಳೆಯದು. ಆದರೆ ಬೆರಳಿಗೆ ತಾಗಿದ ಬಲ ಮೋಟಾರಿಗೆ ತಲುಪುವ ಹೊತ್ತಿಗೆ ಗೇರು ಮತ್ತು ಥ್ರೆಡ್ಡಿನ ಘರ್ಷಣೆ ಅದನ್ನು ಅರ್ಧ ನುಂಗಿರುತ್ತದೆ, ಆ ಅರ್ಧವೂ ಚಳಿಗೆ ಒಂದು, ಬಿಸಿಲಿಗೆ ಇನ್ನೊಂದು. ಹಾಲ್ ಸೆನ್ಸರಿನಿಂದ ವೇಗದ ಕುಸಿತ ನೋಡುವುದು ಹೆಚ್ಚು ನಂಬಿಕೆಯದು. ಮೋಟಾರಿನ ಒಂದು ಸುತ್ತಿಗೆ 4 ಸಂಕೇತ ಬಂದರೆ ಬಾಗಿಲಿನ 0.15°ಗೆ ಒಂದು ಸಂಕೇತ, ಅಂದರೆ 1 ಮೀಟರ್ ದೂರದ ಹಿಡಿಕೆಯ ಬಳಿ 2.6 ಮಿ.ಮೀ. ಹಿಂಬಾಗಿಲಿನ ಹಿಂಜ್ ಬದಿಯ ಸಂದು, ಮಕ್ಕಳ ಬೆರಳು ಸಿಗುವ ಜಾಗ, ಇದಕ್ಕೂ ಸಿಗದು. ಅಲ್ಲಿ ಲಿವರ್ ಎಷ್ಟು ಚಿಕ್ಕದೆಂದರೆ 40 ನ್ಯೂಟನ್ ಮೀಟರ್ ನೂರಾರು ನ್ಯೂಟನ್ ಆಗಿಬಿಡುತ್ತದೆ. ಆ ಸಂದಿಗೆ ಒತ್ತಿದರೆ ತಿಳಿಸುವ ರಬ್ಬರ್ ಪಟ್ಟಿಯೇ ಬೇಕು.

ಮಾದರಿ ಮಾಡಿಸುವ ಮೊದಲು ಒಂದು ಕೆಲಸ. ಬಾಗಿಲಿನ ಟ್ರಿಮ್ ತೆಗೆದು, ಗಾಜು ಪೂರ್ತಿ ಇಳಿಸಿ, 3ಡಿ ಪ್ರಿಂಟ್ ಮಾಡಿದ ಡ್ರೈವ್‌ನ ಮೈಯನ್ನು ಎರಡು ಪಿನ್ನುಗಳಲ್ಲಿ ಕೂರಿಸಿ ಬಾಗಿಲನ್ನು ಕೈಯಿಂದ 65° ತೆರೆದು ಮುಚ್ಚಿ. ವೈರಿನ ಕುಣಿಕೆಯನ್ನೂ ಅದರ ಜೊತೆ ಕಟ್ಟಿ, ಏಕೆಂದರೆ ಓಲಾಡುವ ಮೈಯಿಂದ ಹೊರಡುವ ತಂತಿ ತಿರುಗಣಿಯ ಅಕ್ಷದ ಹತ್ತಿರದಿಂದ ಹೊರಬರದಿದ್ದರೆ ಪ್ರತಿ ಸಲ ಬಾಗಿ ಕನೆಕ್ಟರಿನ ಬುಡದಲ್ಲೇ ತುಂಡಾಗುತ್ತದೆ. ಗಾಜಿಗೂ ಡ್ರೈವ್‌ಗೂ ನಡುವೆ ಎಲ್ಲ ಕೋನದಲ್ಲೂ ಕನಿಷ್ಠ 8 ಮಿ.ಮೀ. ಉಳಿದರೆ ಆ ಕಟ್ಟು ಆ ಬಾಗಿಲಿಗೆ ಹೊಂದುತ್ತದೆ. ಅದಕ್ಕಿಂತ ಕಡಿಮೆಯಾದರೆ ಮೋಟಾರು ಬದಲಿಸುವ ಮೊದಲು ಪಿಲ್ಲರಿನ ಪಿನ್ನನ್ನು ಸರಿಸಿ ನೋಡಿ.